ರಾಡ್ ಸರಿ ಇದೆ, ಆದರೂ ನೀರು ಕಾಯುತ್ತಿಲ್ಲ: ವೋಲ್ಟ್, ಆಂಪಿಯರ್ ಹಿಡಿದು ದೋಷ ಹುಡುಕಿದ ಕತೆ

ಬೇಸಿಗೆಯಲ್ಲಿ ಮಧ್ಯಾಹ್ನ ನಲ್ಲಿ ತಿರುವಿದರೆ ಟ್ಯಾಂಕಿನ ನೀರೇ ಕೈ ಸುಡುವ ಊರು ನಮ್ಮ ಕಲಬುರಗಿ. ಅದೇ ಊರಲ್ಲಿ ಡಿಸೆಂಬರ್ ಬೆಳಿಗ್ಗೆ ತಣ್ಣೀರು ಮುಟ್ಟುವುದಕ್ಕೆ ಆಗುವುದಿಲ್ಲ ಅಂದರೆ ಹೊರಗಿನವರು ನಂಬುವುದಿಲ್ಲ. ನಮ್ಮ ಮನೆಯಲ್ಲಿ ಗೀಸರ್ ಇಲ್ಲ. ಹಿಂದಿನ ಬಚ್ಚಲಿನಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್, 20 ಲೀಟರಿಂದು. ಅದರೊಳಗೆ 1500 ವ್ಯಾಟಿನ ರಾಡ್. ಮೊದಲು ಅರ್ಧ ತಾಸಿನೊಳಗೆ ಸ್ನಾನಕ್ಕೆ ಸಾಕಾಗುವಷ್ಟು ಕಾಯುತ್ತಿತ್ತು. ಈ ಸಲ ಯಾಕೋ ಲೇಟ್ ಆಗತೊಡಗಿತು.

ಅವ್ವನ ತೀರ್ಪು ಒಂದೇ ಮಾತಲ್ಲಿ ಬಂತು. "ರಾಡ್ ಹೋಗ್ಯಾದ ನೋಡಪಾ, ನೀರ್ ಲಗೂ ಕಾಯವಲ್ಲವು. ಹೊಸಾದ್ ತೊಗೊಂಡ್ ಬಾ."

ನಾನೂ ಯೋಚನೆ ಮಾಡದೆ ಸೂಪರ್ ಮಾರ್ಕೆಟ್‌ಗೆ ಹೋಗಿ ಹೊಸ ರಾಡ್ ತಂದೆ. ಮರುದಿನ ಬೆಳಿಗ್ಗೆ ಮೊಬೈಲಿನಲ್ಲಿ ಟೈಮ್ ಹಚ್ಚಿ ನೋಡಿದರೆ 36 ನಿಮಿಷ. ಹಳೇ ರಾಡ್ ಹಾಕಿದರೂ 36. ಪಕ್ಕದ ಮನೆಯ ಕಾಕಾ ಗೋಡೆ ಮೇಲಿಂದ ಇಣುಕಿ, "ಅಲ್ಲೋ ತಮ್ಮಾ, ವೋಲ್ಟೇಜೇ ಕಮ್ಮಿ ಬರ್ಲಿಕತ್ತದ, ರಾಡ್ ಏನ್ ಮಾಡ್ತದ?" ಅಂದರು. ಅರ್ಧ ಸತ್ಯ ಹೇಳಿದ್ದರು, ಆದರೆ ಅದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮೊದಲು ಮಾಡಿದ ತಪ್ಪು

ಮಲ್ಟಿಮೀಟರ್ ತಂದು ಬಚ್ಚಲಿನ ಬೋರ್ಡಿನ ಸಾಕೆಟ್‌ನಲ್ಲಿ ವೋಲ್ಟೇಜ್ ನೋಡಿದೆ. 226. ಮೀಟರ್ ಬೋರ್ಡಿನ ಹತ್ತಿರವೂ 226. ವೋಲ್ಟೇಜ್ ಚೆನ್ನಾಗಿದೆ, ವೈರಿಂಗ್ ಸರಿ ಇದೆ ಅಂದುಕೊಂಡು ಮೀಟರ್ ಒಳಗಿಟ್ಟೆ. ಎರಡು ದಿನ ಅಲ್ಲಿಗೇ ಬಿಟ್ಟೆ. ಇದೇ ದೊಡ್ಡ ತಪ್ಪು, ಬಹಳ ಜನ ಇಲ್ಲೇ ಎಡವುತ್ತಾರೆ.

ಯಾಕೆ ಅಂದರೆ ನಾನು ನೋಡಿದಾಗ ರಾಡ್ ಹಾಕಿರಲಿಲ್ಲ. ಕರೆಂಟ್ ಹರಿಯದೇ ಇದ್ದಾಗ ವೈರಿನಲ್ಲಿ ಎಲ್ಲಿ ಎಷ್ಟು ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಇದ್ದರೂ ವೋಲ್ಟೇಜ್ ಬೀಳುವುದಿಲ್ಲ. ಮಲ್ಟಿಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಬರದಷ್ಟು ಸಣ್ಣದು. ಕಟ್ಟಿಕೊಂಡ ಪೈಪನ್ನು ಯೋಚಿಸಿ. ನಲ್ಲಿ ಬಂದ್ ಇದ್ದಾಗ ಪ್ರೆಶರ್ ಪೂರಾ ತೋರಿಸುತ್ತದೆ, ನಲ್ಲಿ ತಿರುವಿದಾಗಲೇ ನೀರು ಸಣ್ಣಗೆ ಬರುವುದು ಗೊತ್ತಾಗುವುದು. ಹಾಗಾಗಿ ಅಳತೆ ತೆಗೆಯುವುದಿದ್ದರೆ ರಾಡ್ ಹಾಕಿ, ಅದು ಕಾಯುತ್ತಿರುವಾಗಲೇ ತೆಗೆಯಬೇಕು. ಖಾಲಿ ಸಾಕೆಟ್‌ನಲ್ಲಿ ನೋಡಿದ 226ಕ್ಕೆ ಬೆಲೆ ಇಲ್ಲ.

ಇನ್ನು ಟೆಸ್ಟರ್ ವಿಷಯ. ಸ್ಕ್ರೂಡ್ರೈವರ್ ಟೆಸ್ಟರ್ ಹಚ್ಚಿ "ಲೈಟ್ ಹತ್ತಿತು, ಕರೆಂಟ್ ಇದೆ" ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಆ ಕೆಂಪು ಬೆಳಕು ಫೇಸ್, ಅಂದರೆ ಕರೆಂಟ್ ತರುವ ವೈರ್, ಇದೆ ಅಂತ ಹೇಳುತ್ತದೆ, ಅಷ್ಟೇ. 226 ಇದೆಯೋ 160 ಇದೆಯೋ ಹೇಳುವುದಿಲ್ಲ. ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಕೆಟ್ಟಿದ್ದರಂತೂ ಅದಕ್ಕೆ ಸುಳಿವೇ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಕೆಟ್ಟಿದ್ದೂ ನ್ಯೂಟ್ರಲ್ಲೇ, ಆ ಮಾತಿಗೆ ಆಮೇಲೆ ಬರುತ್ತೇನೆ.

ಲೋಡ್ ಹಾಕಿ ಅಳೆದಾಗ

ನಮ್ಮ ಬಚ್ಚಲಿನ ಬೋರ್ಡಿನಲ್ಲಿ ದೊಡ್ಡ ಸಾಕೆಟ್ ಒಂದು, ಪಕ್ಕದಲ್ಲೇ ಸಣ್ಣ ಸಾಕೆಟ್ ಒಂದು ಇದೆ. ಎರಡಕ್ಕೂ ಒಂದೇ ವೈರಿನಿಂದ ಸಪ್ಲೈ. ದೊಡ್ಡದರಲ್ಲಿ ರಾಡ್ ಹಾಕಿ ಆನ್ ಮಾಡಿ, ಸಣ್ಣದರಲ್ಲಿ ಮಲ್ಟಿಮೀಟರ್ ಕಡ್ಡಿ ಇಟ್ಟೆ. 202 ವೋಲ್ಟ್! ಓಡಿ ಹೋಗಿ ಮೀಟರ್ ಬೋರ್ಡಿನಲ್ಲಿ ನೋಡಿದರೆ 224. ಅಂದರೆ ಬೋರ್ಡಿನಿಂದ ಬಚ್ಚಲಿಗೆ ಬರುವಷ್ಟರಲ್ಲಿ 22 ವೋಲ್ಟ್ ದಾರಿಯಲ್ಲೇ ಉದುರಿ ಹೋಗುತ್ತಿದೆ.

ಇನ್ನು ಆಂಪಿಯರ್ ಬೇಕು. ವೈರಿನ ಸುತ್ತ ಇಕ್ಕಳದ ಹಾಗೆ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರನ್ನು ರಾಡಿನ ವೈರಿಗೆ ಹಾಕಿದರೆ ಸೊನ್ನೆ ತೋರಿಸಿತು. ಆ ವೈರಿನೊಳಗೆ ಫೇಸ್ ನ್ಯೂಟ್ರಲ್ ಎರಡೂ ಇರುತ್ತವೆ, ಹೋಗುವ ಕರೆಂಟ್ ಬರುವ ಕರೆಂಟ್ ಒಂದನ್ನೊಂದು ಹೊಡೆದು ಹಾಕುತ್ತವೆ. ಒಂಟಿ ವೈರಿಗೇ ಹಾಕಬೇಕು. ಮನೆಯಲ್ಲಿ ಬೇರೆ ಎಲ್ಲಾ ಬಂದ್ ಮಾಡಿ, ಮೇನ್ ಹತ್ತಿರದ ಫೇಸ್ ವೈರಿಗೆ ಹಾಕಿದಾಗ 5.72 ಆಂಪಿಯರ್ ಬಂತು.

ಕ್ಲ್ಯಾಂಪ್ ಮೀಟರ್ ಇಲ್ಲವಾ? ಚಿಂತೆ ಬೇಡ, ಮನೆ ಹೊರಗಿನ ಕರೆಂಟ್ ಮೀಟರೇ ಸಾಕು. ಅದರ ಮೇಲೆ ಒಂದು ಕೆಂಪು ಚುಕ್ಕಿ ಮಿಣುಕುತ್ತಿರುತ್ತದೆ. ಒಂದು ಯೂನಿಟಿಗೆ ಎಷ್ಟು ಮಿಣುಕು ಅಂತ ಮೀಟರಿನ ಮುಖದ ಮೇಲೇ ಬರೆದಿರುತ್ತಾರೆ. ನಮ್ಮದರಲ್ಲಿ 3200 ಇದೆ, ನಿಮ್ಮದರಲ್ಲಿ ಬೇರೆ ಇರಬಹುದು, ನೋಡಿಕೊಳ್ಳಿ. ರಾಡ್ ಒಂದನ್ನೇ ಹಾಕಿ ಒಂದು ನಿಮಿಷ ಎಣಿಸಿದೆ, 68 ಬಂತು. 68ನ್ನು 60ರಿಂದ ಗುಣಿಸಿದರೆ ತಾಸಿಗೆ 4080. ಅದನ್ನು 3200ರಿಂದ ಭಾಗಿಸಿದರೆ 1.275 ಕಿಲೋವ್ಯಾಟ್, ಅಂದರೆ 1275 ವ್ಯಾಟ್. ಇದನ್ನು ಬೋರ್ಡಿನ 224 ವೋಲ್ಟಿನಿಂದ ಭಾಗಿಸಿ: 5.69 ಆಂಪಿಯರ್. ಕ್ಲ್ಯಾಂಪ್ ಹೇಳಿದ್ದು 5.72. ಒಂದು ಪೈಸೆ ಖರ್ಚಿಲ್ಲದ ಅಳತೆಗೆ ಇದಕ್ಕಿಂತ ಇನ್ನೇನು ಬೇಕು.

ಈಗ ಲೆಕ್ಕ

ಸೂತ್ರ ಎರಡೇ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್, ಅಂದರೆ ರೆಸಿಸ್ಟೆನ್ಸಿನ ಅಳತೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ಮೊದಲನೆಯದನ್ನು ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪುಸ್ತಕ ಮಾಡಿ ಪ್ರಕಟಿಸಿದ, ನಾವು ಅದನ್ನು ಹತ್ತನೇ ಕ್ಲಾಸಿನಲ್ಲಿ ಐದು ಮಾರ್ಕಿಗೆ ಬರೆದು ಮರೆತಿದ್ದೇವೆ. ಕಷ್ಟ ಸೂತ್ರದಲ್ಲಿಲ್ಲ. ಯಾವ ವೋಲ್ಟನ್ನು ಹಿಡಿದು ಲೆಕ್ಕ ಮಾಡುತ್ತಿದ್ದೇವೆ ಅನ್ನುವುದರಲ್ಲಿದೆ.

ಮೊದಲು ರಾಡಿನ ವಿಚಾರಣೆ. ರಾಡಿಗೆ ಸಿಗುತ್ತಿರುವುದು 202, ಎಳೆಯುತ್ತಿರುವುದು 5.72. ಭಾಗಿಸಿದರೆ 35.3 ಓಮ್. ಈ ರಾಡ್ ನಿಜವಾಗಲೂ 1500 ವ್ಯಾಟಿನದ್ದಾದರೆ ಎಷ್ಟಿರಬೇಕು? ರಾಡಿನ ಮೇಲೆ ಬರೆದ ವ್ಯಾಟ್ 230 ವೋಲ್ಟಿನ ಲೆಕ್ಕದ್ದು, ಹಾಗಾಗಿ 230ನ್ನು 230ರಿಂದ ಗುಣಿಸಿ 1500ರಿಂದ ಭಾಗಿಸಿ, 35.3. ಸರಿಯಾಗಿ ಕೂತಿತು. ರಾಡ್ ಬಿಚ್ಚಿ, ಪ್ಲಗ್ಗಿನ ಎರಡು ಕಡ್ಡಿಗೆ ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ನೋಡಿದರೂ 35ರ ಆಸುಪಾಸೇ ಬಂತು. ಹಳೇ ರಾಡಿಗೂ ಅಷ್ಟೇ. ಅಂದರೆ ಹೊಸ ರಾಡಿಗೆ ಕೊಟ್ಟ ದುಡ್ಡು ಸುಮ್ನೆ ಹೋಯಿತು. ಇದನ್ನು ಅವ್ವನಿಗೆ ಇನ್ನೂ ಹೇಳಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೋರಿನ ನೀರಿಗೆ ರಾಡಿನ ಮೇಲೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದರಿಂದಲೇ ನೀರು ಕಾಯುವುದು ತಡ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಪೊರೆ ಕಟ್ಟಿದರೂ ರಾಡಿನ ಓಮ್ ಬದಲಾಗುವುದಿಲ್ಲ, ಎಳೆಯುವ ವ್ಯಾಟೂ ಅಷ್ಟೇ ಇರುತ್ತದೆ, ಆ ಬಿಸಿ ಕೊನೆಗೆ ಹೋಗುವುದೂ ನೀರಿಗೇ. ಪೊರೆಯಿಂದ ಆಗುವ ಕೇಡು ಬೇರೆ: ಒಳಗಿನ ಕಾಯಿಲ್ ಜಾಸ್ತಿ ಕಾದು ಬೇಗ ಸುಟ್ಟು ಹೋಗುತ್ತದೆ. ಹಾಗಾಗಿ ಕೆರೆದು ತೆಗೆಯಿರಿ, ಆದರೆ ತಡಕ್ಕೆ ಅದನ್ನು ಬೈಯಬೇಡಿ.

ಇನ್ನು ವ್ಯಾಟ್. 202ನ್ನು 5.72ರಿಂದ ಗುಣಿಸಿದರೆ 1155. ಬರೆದಿರುವುದು 1500, ಸಿಗುತ್ತಿರುವುದು 1155. ವೋಲ್ಟೇಜ್ 230ರಿಂದ 202ಕ್ಕೆ ಬಂದಿದ್ದು ನೂರಕ್ಕೆ ಹನ್ನೆರಡರಷ್ಟು ಕಡಿಮೆ. ಆದರೆ ವ್ಯಾಟ್ ಬಿದ್ದಿದ್ದು ನೂರಕ್ಕೆ ಇಪ್ಪತ್ಮೂರು. ವೋಲ್ಟ್ ಕಡಿಮೆಯಾದರೆ ಆಂಪಿಯರೂ ಅದರ ಜೊತೆಗೇ ಇಳಿಯುತ್ತದೆ, ಹಾಗಾಗಿ ಪೆಟ್ಟು ಎರಡು ಸಲ ಬೀಳುತ್ತದೆ. 20 ಲೀಟರ್ ನೀರನ್ನು 18 ಡಿಗ್ರಿಯಿಂದ 45 ಡಿಗ್ರಿಗೆ ತರಲು ಸುಮಾರು 2260 ಕಿಲೋಜೂಲ್ ಬೇಕು. 1155 ವ್ಯಾಟಿನಲ್ಲಿ ಅದಕ್ಕೆ 33 ನಿಮಿಷ, ಬಕೆಟಿನಿಂದ ಗಾಳಿಗೆ ಹೋಗುವ ಬಿಸಿ ಸೇರಿಸಿದರೆ ನಾನು ಕಂಡ 36. ಲೆಕ್ಕ ಹೊಂದಿತು.

ಈಗ ದಾರಿಯ ಲೆಕ್ಕ, ನಿಜವಾದ ಕಳ್ಳ ಇರುವುದು ಇಲ್ಲಿ. ದಾರಿಯಲ್ಲಿ ಬಿದ್ದ ವೋಲ್ಟ್ 22, ಹರಿದ ಕರೆಂಟ್ ಅದೇ 5.72. ಭಾಗಿಸಿದರೆ 3.85 ಓಮ್. ನೋಡೋಕೆ ಸಣ್ಣದು ಅಲ್ವಾ? ಸಣ್ಣದಲ್ಲ. ಬೋರ್ಡಿನಿಂದ ಬಚ್ಚಲಿಗೆ 25 ಮೀಟರ್. ಹೋಗಿ ಬರುವ ದಾರಿ ಸೇರಿ 50 ಮೀಟರ್. ನಮ್ಮ ಮನೆಯಲ್ಲಿ ಹಳೇ ಭಾಗಕ್ಕೆ 2.5 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ವೈರ್, ಬಚ್ಚಲು ಆಮೇಲೆ ಕಟ್ಟಿಸಿದ್ದರಿಂದ ಅಲ್ಲಿಂದ ಮುಂದೆ 1.5ರ ತಾಮ್ರ. ತಮಾಷೆ ಅಂದರೆ ಎರಡರ ರೆಸಿಸ್ಟೆನ್ಸೂ ಹೆಚ್ಚು ಕಡಿಮೆ ಒಂದೇ, ಕಿಲೋಮೀಟರಿಗೆ 12.1 ಓಮ್. 50 ಮೀಟರಿಗೆ 0.6 ಓಮ್ ಆಯಿತು. ಇರಬೇಕಾದದ್ದು 0.6, ಇರುವುದು 3.85. ಮೂರೂಕಾಲು ಓಮ್ ಎಲ್ಲಿಂದ ಬಂತು?

ವೈರ್ ತಾನಾಗಿ ಸಣ್ಣದಾಗುವುದಿಲ್ಲ. ಹೆಚ್ಚಿನ ಓಮ್ ಬಂತು ಅಂದರೆ ಜಾಯಿಂಟ್, ಸ್ಕ್ರೂ, ಸ್ವಿಚ್ಚು, ಸಾಕೆಟ್ಟು, ಇವುಗಳಲ್ಲಿ ಯಾವುದೋ ಒಂದು ಕಡೆ ಕೂತಿದೆ ಅಂತಲೇ ಅರ್ಥ.

ಮೆಟ್ಟಿಲ ಕೆಳಗಿನ ಡಬ್ಬಿ

ಅಲ್ಯೂಮಿನಿಯಂ ಮುಗಿದು ತಾಮ್ರ ಶುರುವಾಗುವ ಜಾಗ ನಮ್ಮ ಮೆಟ್ಟಿಲ ಕೆಳಗಿದೆ. ಗೋಡೆಗೆ ಒಂದು ಪ್ಲಾಸ್ಟಿಕ್ ಜಂಕ್ಷನ್ ಡಬ್ಬಿ, ಅದರ ಕೆಳಗೆ ಫರ್ಸಿ ಕಲ್ಲಿನ ಮೇಲೆ ವರ್ಷದ ಜೋಳದ ಚೀಲಗಳು. ಮೇನ್ ಬಂದ್ ಮಾಡಿ ಮುಚ್ಚಳ ತೆಗೆದೆ. ಸುಟ್ಟ ವಾಸನೆ ಮೊದಲು ಬಂತು. ಫೇಸಿನ ಜಾಯಿಂಟ್ ಪರವಾಗಿಲ್ಲ. ನ್ಯೂಟ್ರಲ್ ಜಾಯಿಂಟಿನ ಟೇಪು ಕರಗಿ ಬೆಲ್ಲದ ಪಾಕದಂತೆ ಇಳಿದು ಗಟ್ಟಿಯಾಗಿತ್ತು, ಪಕ್ಕದ ವೈರಿನ ಮೇಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಬೆರಳಿನಿಂದ ಮುಟ್ಟಿದರೆ ಪುಡಿ ಉದುರುತ್ತಿತ್ತು.

ಖಾತ್ರಿ ಮಾಡಿಕೊಳ್ಳಲು ಮತ್ತೆ ಮೇನ್ ಹಾಕಿ, ರಾಡ್ ಆನ್ ಮಾಡಿ, ಜಾಯಿಂಟಿನ ಈ ಕಡೆ ಒಂದು ಕಡ್ಡಿ, ಆ ಕಡೆ ಒಂದು ಕಡ್ಡಿ ಇಟ್ಟು ನೋಡಿದೆ. ಸರಿ ಇರುವ ಜಾಯಿಂಟಿನ ಎರಡು ಕಡೆ ಮಧ್ಯೆ ಸೊನ್ನೆ ಇರಬೇಕು. ಫೇಸಿನ ಜಾಯಿಂಟಿಗೆ ಒಂದೂವರೆ ವೋಲ್ಟ್. ನ್ಯೂಟ್ರಲ್ ಜಾಯಿಂಟಿಗೆ 17! 17ನ್ನು 5.72ರಿಂದ ಭಾಗಿಸಿದರೆ ಮೂರು ಓಮ್. ಗುಣಿಸಿದರೆ 97 ವ್ಯಾಟ್. 25 ವ್ಯಾಟಿನ ಸೋಲ್ಡರಿಂಗ್ ಐರನ್ ನಾಲ್ಕನ್ನು ಒಟ್ಟಿಗೆ ಕಟ್ಟಿ, ಟೇಪು ಸುತ್ತಿ, ಜೋಳದ ಚೀಲದ ಮೇಲೆ ದಿನಾ ಬೆಳಿಗ್ಗೆ ಅರ್ಧ ತಾಸಿಗಿಂತ ಜಾಸ್ತಿ ಇಟ್ಟಂತೆ. (ಈ ಅಳತೆ ಕರೆಂಟ್ ಇರುವಾಗ ಬಿಚ್ಚಿದ ಡಬ್ಬಿಯಲ್ಲಿ ಮಾಡುವಂಥದ್ದು. ಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಮುಚ್ಚಳದವರೆಗೂ ಹೋಗಬೇಡಿ. ಎರಡು ತುದಿಯ ವೋಲ್ಟು, ಮಿಣುಕಿನ ಲೆಕ್ಕ ಇಷ್ಟು ಮಾಡಿ ವೈರ್‌ಮನ್ ಕೈಗೆ ಕೊಟ್ಟರೆ ಸಾಕು, ಮುಂದಿನದು ಅವನಿಗೆ ಹತ್ತು ನಿಮಿಷದ ಕೆಲಸ.)

ಎಂಸಿಬಿ (ಬೋರ್ಡಿನಲ್ಲಿ ತಾನಾಗಿ ಬಂದ್ ಆಗುವ ಸ್ವಿಚ್ಚು) ಯಾಕೆ ಬೀಳಲಿಲ್ಲ ಅಂತ ಕಾಕಾ ಕೇಳಿದರು. ಒಳ್ಳೇ ಪ್ರಶ್ನೆ. ಎಂಸಿಬಿ ಬೀಳುವುದು ಕರೆಂಟ್ ಜಾಸ್ತಿಯಾದಾಗ. ಇಲ್ಲಿ ದಾರಿಯಲ್ಲಿ ರೆಸಿಸ್ಟೆನ್ಸ್ ಸೇರಿಕೊಂಡು ಕರೆಂಟ್ ಕಡಿಮೆಯಾಗಿದೆ. ಎಂಸಿಬಿ ಪಾಲಿಗೆ ಎಲ್ಲಾ ಮೊದಲಿಗಿಂತ ಚೆನ್ನಾಗಿದೆ! ಇಂಥ ಜಾಯಿಂಟ್ ಬೆಂಕಿ ಹಿಡಿಯುವವರೆಗೂ ಅದು ಸುಮ್ಮನೆ ಕೂತಿರುತ್ತದೆ. ಒಟ್ಟು ದಾರಿಯಲ್ಲಿ ಹಾಳಾಗುತ್ತಿದ್ದದ್ದು 22 ಗುಣಿಸು 5.72, ಅಂದರೆ 126 ವ್ಯಾಟ್. ಬಿಲ್ಲಿನಲ್ಲಿ ಅದು ಹದಿಮೂರು ಬಕೆಟಿಗೆ ಒಂದು ಯೂನಿಟ್, ಯಾರಿಗೂ ಗೊತ್ತಾಗುವುದಿಲ್ಲ. ನೀರು ಕಾಯುವುದರಲ್ಲಿ ಆರು ನಿಮಿಷದ ವ್ಯತ್ಯಾಸ. ಆರು ನಿಮಿಷಕ್ಕೆ ಇಷ್ಟು ರಗಳೆಯಾ ಅಂದರೆ, ಆ ಆರು ನಿಮಿಷ ಬಿಟ್ಟರೆ ಹೊರಗೆ ಕಾಣುವ ಬೇರೆ ಗುರುತು ನಮಗೆ ಒಂದೂ ಇರಲಿಲ್ಲ.

ಕಾರಣ ಹಳೆಯದೇ. ತಾಮ್ರ ಮತ್ತು ಅಲ್ಯೂಮಿನಿಯಂ ಎರಡನ್ನೂ ಸುಮ್ನೆ ಕೈಯಿಂದ ತಿರುಚಿ ಟೇಪ್ ಸುತ್ತಿದ್ದಾರೆ. ಅಲ್ಯೂಮಿನಿಯಂ ಮೇಲೆ ಗಾಳಿಗೆ ತೆಳು ಪದರ ಕಟ್ಟುತ್ತದೆ, ಆ ಪದರ ಕರೆಂಟ್ ಹರಿಯಲು ಬಿಡುವುದಿಲ್ಲ. ಮಳೆಗಾಲದ ತೇವ ಸೇರಿದರೆ ಎರಡು ಲೋಹದ ಮಧ್ಯೆ ತುಕ್ಕು ಹಿಡಿಯುವುದು ಜೋರಾಗುತ್ತದೆ. ಬಿಸಿಯಾಗಿ ತಣ್ಣಗಾಗಿ ಹಿಡಿತ ಸಡಿಲವಾಗುತ್ತದೆ, ಸಡಿಲವಾದಷ್ಟೂ ಓಮ್ ಜಾಸ್ತಿ, ಓಮ್ ಜಾಸ್ತಿಯಾದಷ್ಟೂ ಬಿಸಿ ಜಾಸ್ತಿ. ಟೇಪ್ ಬದಲಾಯಿಸಿದರೆ ಇದು ಹೋಗುವುದಿಲ್ಲ. ಬೋರ್ಡಿನಿಂದ ಬಚ್ಚಲವರೆಗೆ ಮಧ್ಯೆ ಎಲ್ಲೂ ಜಾಯಿಂಟ್ ಇಲ್ಲದ ಹಾಗೆ 2.5ರ ತಾಮ್ರದ ವೈರ್ ಎಳೆಸಿದೆ, ಅರ್ತ್ ವೈರ್ ಸಮೇತ. ಕಿಲೋಮೀಟರಿಗೆ 7.41 ಓಮ್, ನಮ್ಮ 50 ಮೀಟರಿಗೆ 0.37. ಈಗ ಬೋರ್ಡಿನಲ್ಲಿ 224 ಇದ್ದರೆ ಬಚ್ಚಲಿನಲ್ಲಿ 222, ಕರೆಂಟ್ 6.28, ರಾಡಿಗೆ 1394 ವ್ಯಾಟ್, ಮಿಣುಕು ನಿಮಿಷಕ್ಕೆ 75. ನೀರು 30 ನಿಮಿಷಕ್ಕೆ ಕಾಯುತ್ತದೆ. 1500 ಯಾಕಿಲ್ಲ ಅಂತ ಕೇಳಬೇಡಿ, 1500 ಸಿಗುವುದು 230 ವೋಲ್ಟ್ ಬಂದಾಗ.

ನಿಮ್ಮ ಮನೆಯ ಅಂಕಿ ಬೇರೆ ಬಂದರೆ

ರಾಡ್ ಹಾಕಿದ ಕೂಡಲೇ ಮೀಟರ್ ಬೋರ್ಡಿನಲ್ಲೇ ವೋಲ್ಟೇಜ್ ಇಪ್ಪತ್ತು ಮೂವತ್ತು ಬಿದ್ದರೆ ದೋಷ ಬೋರ್ಡಿನಿಂದ ಆಚೆ ಇದೆ, ಕಂಬದ ಕಡೆ. ಅಲ್ಲಿಗೆ ಕೈ ಹಾಕಬೇಡಿ, 1912ಕ್ಕೆ ಫೋನ್ ಮಾಡಿ. ಮೂರು ಫೇಸ್ ಇರುವ ಮನೆಯಲ್ಲಿ ದೊಡ್ಡ ಲೋಡ್ ಹಾಕಿದಾಗ ಕೆಲವು ಲೈಟು ಮಂಕಾಗುವ ಬದಲು ಜಾಸ್ತಿ ಉರಿದರೆ ಅದು ಮೇನ್ ನ್ಯೂಟ್ರಲ್ಲೇ ಸಡಿಲವಾದ ಗುರುತು. ಎಣಿಕೆ, ಲೆಕ್ಕ ಎಲ್ಲಾ ಬಿಟ್ಟು ಮೊದಲು ಮೇನ್ ಬಂದ್ ಮಾಡಿ, ಇಲ್ಲದಿದ್ದರೆ ಟಿವಿ, ಫ್ರಿಜ್ ಎರಡೂ ಹೋಗುತ್ತವೆ.

ಸಾಕೆಟ್‌ನಲ್ಲಿ ವೋಲ್ಟೇಜ್ ಚೆನ್ನಾಗಿದ್ದು, ಆಂಪಿಯರ್ ಮಾತ್ರ ಅರ್ಧ ಬಂದರೆ ಆಗ ಬೈಯಬೇಕಾದ್ದು ಹೀಟರನ್ನೇ. ಎರಡು ಕಾಯಿಲ್ ಇರುವ ಹೀಟರಿನಲ್ಲಿ ಒಂದು ಕಡಿದರೆ ಓಮ್ ಡಬಲ್ ಆಗುತ್ತದೆ. ಓಮ್ ಇರಬೇಕಾದ್ದಕ್ಕಿಂತ ಕಡಿಮೆ ಬಂದರೆ ಇನ್ನೂ ಕೆಟ್ಟದ್ದು. ಕಾಯಿಲ್ ಒಲೆ ಇಟ್ಟುಕೊಂಡವರು ಕಡಿದ ಕಾಯಿಲನ್ನು ಎಳೆದು ಮತ್ತೆ ಸಿಕ್ಕಿಸುತ್ತಾರಲ್ಲ, ಅಲ್ಲಿ ಆಗುವುದು ಇದೇ. 2000 ವ್ಯಾಟಿನ ಕಾಯಿಲಿಗೆ 26.45 ಓಮ್. ಅದರಲ್ಲಿ ಹತ್ತರಲ್ಲೊಂದು ಪಾಲು ತುಂಡಾಗಿ ಹೋದರೆ 23.8, ಒಲೆ 2200 ದಾಟುತ್ತದೆ. ಒಲೆ ಮೊದಲಿಗಿಂತ ಜೋರಾಗಿದೆ ಅಂತ ಖುಷಿ ಪಡುತ್ತಾರೆ, ಪ್ಲಗ್ ಕರಗುವವರೆಗೆ.

ಈ ಲೆಕ್ಕ ಎಲ್ಲಾ ಸಾಮಾನಿಗೂ ನಡೆಯುವುದಿಲ್ಲ. ಹಳೇ ಕಾಲದ 100 ವ್ಯಾಟಿನ ಬಲ್ಬನ್ನು ಬಿಚ್ಚಿ ಓಮ್ ನೋಡಿದರೆ ನಲವತ್ತರ ಆಸುಪಾಸು ಬರುತ್ತದೆ, ಉರಿಯುವಾಗ ಅದು 529. ಬಲ್ಬಿನ ಟಂಗ್ಸ್ಟನ್ ತಂತಿ ಕಾದಂತೆ ರೆಸಿಸ್ಟೆನ್ಸ್ ಏರುವುದೇ ಕಾರಣ. ರಾಡಿನೊಳಗಿನ ನೈಕ್ರೋಮ್ ತಂತಿ ಹಾಗಲ್ಲ, ತಣ್ಣಗಿದ್ದಾಗಲೂ ಬಿಸಿಯಿದ್ದಾಗಲೂ ಹೆಚ್ಚು ಕಡಿಮೆ ಅಷ್ಟೇ, ಅದಕ್ಕೇ ನನ್ನ ಎರಡು ಅಳತೆಯೂ ಹೊಂದಿದವು. ಇನ್ನು ಮೇ ತಿಂಗಳಲ್ಲಿ ಕೂಲರ್ ನಿಧಾನ ತಿರುಗುತ್ತಿದೆ ಅಂತ ಅದರ ಮೋಟರಿಗೆ ಇದೇ ಲೆಕ್ಕ ಹಾಕಲು ಹೋಗಬೇಡಿ. 230 ವೋಲ್ಟಿನಲ್ಲಿ 0.9 ಆಂಪಿಯರ್ ಎಳೆದರೆ ಗುಣಿಸಿ 207 ಬರುತ್ತದೆ, ಆದರೆ ಅದು ವ್ಯಾಟ್ ಅಲ್ಲ. ಆ ಗುಣಾಕಾರದಲ್ಲಿ ನಿಜವಾದ ವ್ಯಾಟ್ ಎಷ್ಟು ಪಾಲು ಅಂತ ಹೇಳುವ ಪವರ್ ಫ್ಯಾಕ್ಟರ್ 0.8 ಇದ್ದರೆ ನಿಜವಾದ ವ್ಯಾಟ್ 166. ಮೋಟರಿನ ಸುರುಳಿಯ ಓಮ್ ಅಳೆದು ವೋಲ್ಟನ್ನು ಭಾಗಿಸಿದರೂ ಉತ್ತರ ತಪ್ಪೇ ಬರುತ್ತದೆ. ಮೀಟರಿನ ಮಿಣುಕು ಮಾತ್ರ ಮೋಟರಿಗೂ ನಿಜವಾದ ವ್ಯಾಟನ್ನೇ ಹೇಳುತ್ತದೆ. ಕೂಲರ್ ನಿಧಾನವಾದರೆ ನಾನು ಮೊದಲು ಕೆಪಾಸಿಟರ್ ಬದಲಾಯಿಸಿ ನೋಡುತ್ತೇನೆ.

ಮಿಣುಕು ಎಣಿಸುವ ಹುಚ್ಚು ಈಗ ಕಾಕಾನಿಗೂ ಹತ್ತಿದೆ. ಮೊನ್ನೆ ಅವರ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಹಚ್ಚಿ ಎಣಿಸಿದರು. 52 ಬರಬೇಕಿತ್ತು, 59 ಬಂತು. "ಇಸ್ತ್ರಿ ಜಾಸ್ತಿ ಎಳಿಲಿಕತ್ತದ, ಕಾಯಿಲ್ ಶಾರ್ಟ್ ಆಗ್ಯಾದ" ಅಂತ ಗೋಡೆ ಮೇಲಿಂದ ಕೂಗಿದರು. ಹೋಗಿ ನೋಡಿದರೆ ಒಳಗೆ ಫ್ರಿಜ್ ನಡೆಯುತ್ತಿತ್ತು.